ಅಚ್ಚಿನಲ್ಲಿ ಇದ್ದದ್ದಷ್ಟೇ ನಕಲಿಗೆ

ಮಗು ಹುಟ್ಟಿದ ಮನೆಯಲ್ಲಿ ಅಜ್ಜಿಯರು ತೊಟ್ಟಿಲಿಗೆ ಬಗ್ಗಿ ನೋಡಿ ‘ಅಪ್ಪನ ಪಡಿಯಚ್ಚು’ ಎನ್ನುತ್ತಾರೆ. ಮೂಗು, ಹಣೆ, ಕಿವಿಯ ತಿರುವು ಎಲ್ಲ ಅಪ್ಪನದೇ ಇರಬಹುದು. ಆದರೆ ಚಿಕ್ಕವನಿದ್ದಾಗ ಸೈಕಲ್‌ನಿಂದ ಬಿದ್ದು ಅಪ್ಪನ ಮೊಣಕಾಲಿಗೆ ಆದ ಕಲೆ ಮಗುವಿಗೆ ಬಂದಿರುವುದಿಲ್ಲ. ಅಪ್ಪ ವ್ಯಾಯಾಮ ಮಾಡಿ ಬೆಳೆಸಿಕೊಂಡ ತೋಳೂ ಬಂದಿರುವುದಿಲ್ಲ. ಅಚ್ಚಿನಲ್ಲಿ ಇದ್ದದ್ದು ಬಂತು, ಆಮೇಲೆ ಅಂಟಿಕೊಂಡದ್ದು ಬರಲಿಲ್ಲ.

ಇಷ್ಟು ಒಪ್ಪಿಕೊಂಡವರಿಗೆ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟದಲ್ಲಿ ಬಹಳ ಜಗಳ ಹುಟ್ಟಿಸುವ ನಿಯಮವೊಂದು ಅರ್ಧ ತಿಳಿದಂತೆಯೇ. ಆ ಆಟದಲ್ಲಿ ಒಂದು ಎಲೆ ಇನ್ನೊಂದು ಎಲೆಯ ರೂಪ ತಾಳಬಹುದು. ತಾಳಿದಾಗ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದರ ಮೇಲೆ ಎಷ್ಟೋ ಪಂದ್ಯಗಳ ಸೋಲು ಗೆಲುವು ನಿಂತಿರುತ್ತದೆ. ಪುಣೆಯಲ್ಲಿ ನಾವು ಆರು ಮಂದಿ ಶನಿವಾರ ಸಂಜೆ ಸೇರಿ ಆಡುತ್ತೇವೆ. ಆರು ಮಂದಿಗೆ ನಾಲ್ಕು ಮನೆಮಾತು. ಮೇಜಿನ ಸುತ್ತ ದನಿ ಏರಿದಾಗಲೆಲ್ಲ ಕಾರಣ ಹೆಚ್ಚುಕಡಿಮೆ ಒಂದೇ: ಯಾರೋ ಏನನ್ನೋ ನಕಲು ಮಾಡಿರುತ್ತಾರೆ.

ಆಟ ಇರುವುದು ಹೀಗೆ

ಇಸ್ಪೀಟಿನಂತೆ ಎಲ್ಲರೂ ಒಂದೇ ಕಟ್ಟಿನಿಂದ ಆಡುವ ಆಟ ಇದಲ್ಲ. ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಆರಿಸಿ ಜೋಡಿಸಿಕೊಂಡು ಬರುತ್ತಾರೆ. ಸಾಮಾನ್ಯವಾಗಿ 60 ಎಲೆ. ಇಬ್ಬರಿಗೂ ತಲಾ 20 ಪ್ರಾಣ. ಭೂಮಿಯ ಎಲೆಗಳನ್ನು ಅಡ್ಡ ತಿರುಗಿಸಿದರೆ ‘ಮಾನಾ’ ಎಂಬ ಶಕ್ತಿ ಸಿಗುತ್ತದೆ. ಅದನ್ನು ಖರ್ಚು ಮಾಡಿ ಜೀವಿಗಳನ್ನು ಕಣಕ್ಕೆ ಇಳಿಸಬೇಕು, ಮಂತ್ರಗಳನ್ನು ಪ್ರಯೋಗಿಸಬೇಕು. ಜೀವಿಯ ಎಲೆಯ ಬಲ ಮೂಲೆಯಲ್ಲಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಹೊಡೆಯುವ ಬಲ, ಎರಡನೆಯದು ತಾಳುವ ಬಲ. ಎದುರಾಳಿಯ ಪ್ರಾಣ ಸೊನ್ನೆಗಿಳಿದರೆ ನೀವು ಗೆದ್ದಿರಿ.

ಗಣಿತ ಓದಿದ ರಿಚರ್ಡ್ ಗಾರ್‌ಫೀಲ್ಡ್ ಎಂಬ ಅಮೆರಿಕನ್ ರೂಪಿಸಿದ ಈ ಆಟವನ್ನು ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದಿತು. ಮೊದಲ ಮುದ್ರಣದ 295 ಎಲೆಗಳಲ್ಲೇ ನಕಲುಗಾರರೂ ಇದ್ದರು. ಜೀವಿಯನ್ನು ನಕಲಿಸುವ ‘ಕ್ಲೋನ್’ ಮತ್ತು ‘ವೆಸುವನ್ ಡಾಪಲ್‌ಗ್ಯಾಂಗರ್’, ಸಾಧನಗಳನ್ನು ನಕಲಿಸುವ ‘ಕಾಪಿ ಆರ್ಟಿಫ್ಯಾಕ್ಟ್’, ಮಂತ್ರವನ್ನು ನಕಲಿಸುವ ‘ಫೋರ್ಕ್’. ಅಂದರೆ ಆಟ ಹುಟ್ಟಿದ ದಿನವೇ ಈ ತಕರಾರೂ ಹುಟ್ಟಿತು ಎನ್ನಬಹುದು.

ಕ್ಲೋನ್‌ನ ಬೆಲೆ ನಾಲ್ಕು ಮಾನಾ, ಮೂಲೆಯಲ್ಲಿರುವ ಅಂಕಿ 0/0. ತಾಳುವ ಬಲ ಸೊನ್ನೆಯಾದ ಜೀವಿ ಕಣದಲ್ಲಿ ಬದುಕುವುದಿಲ್ಲ. ಹಾಗಾಗಿ ಅದು ಕಣಕ್ಕೆ ಕಾಲಿಡುವಾಗಲೇ ಅಲ್ಲಿರುವ ಯಾವುದಾದರೂ ಜೀವಿಯ ರೂಪ ತಾಳಬೇಕು. ನನ್ನ ಜೀವಿಯದಾದರೂ ಸರಿ, ಎದುರಾಳಿಯದಾದರೂ ಸರಿ.

ನಾಕಕ್ಕ ನಾಕು

ನಮ್ಮ ಗುಂಪಿಗೆ ಕೊನೆಗೆ ಸೇರಿದವನು ಗದಗ ಕಡೆಯ ಹುಡುಗ. ಪುಣೆಗೆ ಬಂದು ಎರಡು ತಿಂಗಳಾಗಿತ್ತು. ಮರಾಠಿ ಬಾರದು, ಹಿಂದಿ ಕಷ್ಟ, ಆಟದ ಇಂಗ್ಲಿಷ್ ಇನ್ನೂ ಹೊಸದು. ಅವನ ಎದುರು ಕುಳಿತವರು ‘ಸೆರಾ ಏಂಜೆಲ್’ ಎಂಬ ಹಾರುವ ದೇವತೆಯನ್ನು ಇಳಿಸಿದ್ದರು. ಎಲೆಯ ಮೇಲೆ ಅದರ ಅಂಕಿ 4/4. ಬೇರೆ ಒಂದು ಎಲೆಯ ಬಲದಿಂದ ಅದಕ್ಕೆ +1/+1ರ ಒಂದು ಕೌಂಟರ್ ಸಿಕ್ಕಿತ್ತು. ಕೌಂಟರ್‌ಗೆ ನಾವು ಹುಣಸೆಬೀಜ ಇಡುತ್ತೇವೆ. ಹುಡುಗ ದಾಳಿಗೆ ಹೋದಾಗ ಅವರು ದೇವತೆಯನ್ನು ಅಡ್ಡ ನಿಲ್ಲಿಸಿ, ‘ಜೈಂಟ್ ಗ್ರೋತ್’ ಎಂಬ ಹಸಿರು ಮಂತ್ರ ಹಾಕಿದರು. ಆ ಸರದಿ ಮುಗಿಯುವವರೆಗೆ ಇನ್ನೂ +3/+3. ದೇವತೆ 8/8 ಆಯಿತು.

ದಾಳಿ ಮುಗಿದ ಮೇಲೆ ಹುಡುಗ ಕ್ಲೋನ್ ಇಳಿಸಿ ಅದೇ ದೇವತೆಯನ್ನು ತೋರಿಸಿದ. ಎದುರಿನವರು “ನಿನ್ನದು 4/4” ಎಂದರು. ಮೇಜಿನ ಉಳಿದವರೂ ಹೌದೆಂದರು. ಎಲ್ಲರೂ ಒಟ್ಟಾಗಿ ಹೊಸಬನನ್ನು ಕೂರಿಸಿ ಆಡಿಸುತ್ತಿದ್ದಾರೆ ಎಂಬ ಅನುಮಾನ ಅವನ ಮುಖದ ಮೇಲೆಯೇ ಇತ್ತು. ನನ್ನ ಕಡೆ ತಿರುಗಿದ.

“ಅಲ್ರೀ ಅಕ್ಕಾರ, ಅವರದು ಎಂಟಕ್ಕ ಎಂಟು ಐತಿ. ನಂದ್ಯಾಕ ನಾಕಕ್ಕ ನಾಕು? ನಕಲು ಅಂದ್ರ ನಕಲು ಅಲ್ಲೇನ್ರೀ?”

“ತಮ್ಮಾ, ಆ ಹುಣಸೆಬೀಜ ತಗದು ಮಗ್ಗಲಕ ಇಡು. ಹಸಿರು ಮಂತ್ರ ಮರತುಬಿಡು. ಈಗ ಎಲಿ ಮ್ಯಾಲೆ ಎಷ್ಟಂತ ಅಚ್ಚಾಗೈತಿ ನೋಡು.”

“ನಾಕಕ್ಕ ನಾಕು.”

“ಅಷ್ಟ ನಿನಗ ಬರೂದು.”

ಅವನು ಒಪ್ಪಿದ್ದು ಅಂಕಪಟ್ಟಿಯ ಉದಾಹರಣೆ ಕೊಟ್ಟ ಮೇಲೆ. ಅಂಕಪಟ್ಟಿಯನ್ನು ಜೆರಾಕ್ಸ್ ಮಾಡಿಸಿದರೆ ಮಡಿಕೆ, ಚಹಾದ ಕಲೆ, ಯಾರೋ ಹಾಕಿದ ಮೊಹರು, ಪೆನ್ಸಿಲ್ ಗೀಚು ಎಲ್ಲ ಬರುತ್ತದೆ. ಅದೇ ಅಂಕಪಟ್ಟಿ ಕಳೆದುಹೋಗಿ, ಅರ್ಜಿ ಹಾಕಿ ಬೋರ್ಡಿನಿಂದ ಡೂಪ್ಲಿಕೇಟ್ ತರಿಸಿದರೆ ದಾಖಲೆಯಲ್ಲಿ ಇದ್ದದ್ದು ಮಾತ್ರ ಬರುತ್ತದೆ. ಮ್ಯಾಜಿಕ್‌ನ ನಕಲು ಜೆರಾಕ್ಸ್ ಅಲ್ಲ, ಬೋರ್ಡಿನ ಡೂಪ್ಲಿಕೇಟ್. ಎದುರಿನ ಜೀವಿ ಈ ಗಳಿಗೆಯಲ್ಲಿ ಹೇಗೆ ಕಾಣುತ್ತಿದೆ ಎಂದು ಅದು ಕೇಳುವುದಿಲ್ಲ. ಮೂಲದಲ್ಲಿ ಏನೆಂದು ಬರೆದಿದೆ ಎಂದು ಕೇಳುತ್ತದೆ.

ನಿಯಮಾವಳಿಯಲ್ಲಿ ಈಗ 707ನೆಯ ವಿಭಾಗ ಇದಕ್ಕೇ ಮೀಸಲು. ಹೆಸರು, ಮಾನಾ ಬೆಲೆ, ಬಣ್ಣ, ಜಾತಿ, ಎಲೆಯ ಮೇಲಿನ ಬರಹ, ಮೂಲೆಯ ಅಂಕಿ, ಇವು ನಕಲಾಗುತ್ತವೆ. ಕೌಂಟರ್, ತಾತ್ಕಾಲಿಕ ಮಂತ್ರದ ಫಲ, ಮೇಲೆ ಅಂಟಿಸಿದ ಬೇರೆ ಎಲೆ, ತಗುಲಿದ ಪೆಟ್ಟು, ಅಡ್ಡ ತಿರುಗಿದೆಯೋ ನೆಟ್ಟಗಿದೆಯೋ ಎಂಬ ಸ್ಥಿತಿ, ಇವು ಯಾವುವೂ ನಕಲಾಗುವುದಿಲ್ಲ.

ಮೊದಲು ರೂಪ, ಆಮೇಲೆ ಉಡುಪು

ಇದರ ಹಿಂದೆ ಒಂದು ಲೆಕ್ಕಾಚಾರವಿದೆ. ಒಂದೇ ಜೀವಿಯ ಮೇಲೆ ಹಲವು ಎಲೆಗಳ ಪ್ರಭಾವ ಬಿದ್ದಾಗ ಯಾವುದನ್ನು ಮೊದಲು ಎಣಿಸಬೇಕು ಎಂಬುದಕ್ಕೆ ಆಟದಲ್ಲಿ ಏಳು ಪದರಗಳಿವೆ. ಕ್ರಮವಾಗಿ ನಕಲು, ಒಡೆತನ, ಬರಹ, ಜಾತಿ, ಬಣ್ಣ, ಸಾಮರ್ಥ್ಯ, ಕೊನೆಗೆ ಬಲದ ಅಂಕಿ. ನಕಲು ಎಲ್ಲಕ್ಕಿಂತ ಕೆಳಗಿನ ಪದರ. ಮನೆಯ ತಳಪಾಯವಿದ್ದ ಹಾಗೆ. ಮೊದಲು ಇದು ಯಾವ ಜೀವಿ ಎಂದು ತೀರ್ಮಾನವಾಗಬೇಕು. ಉಳಿದದ್ದನ್ನೆಲ್ಲ ಅದರ ಮೇಲೆ ಹೇರಬೇಕು.

ಹಾಗಾಗಿ ನಕಲಾದ ಮೇಲೆ ನನ್ನ ಕಡೆಯ ಲಾಭಗಳು ನನಗೆ ಸಿಗುತ್ತವೆ. ನನ್ನ ಜೀವಿಗಳಿಗೆಲ್ಲ +1/+1 ಕೊಡುವ ‘ಗ್ಲೋರಿಯಸ್ ಆಂಥಮ್’ ಕಣದಲ್ಲಿದ್ದರೆ ನನ್ನ ಕ್ಲೋನ್-ದೇವತೆ 5/5 ಆಗುತ್ತದೆ. ಅದು ಎದುರಾಳಿಯ ಬಳಿ ಇದ್ದರೆ ಅವರ ದೇವತೆ 5/5, ನನ್ನದು 4/4. ಬೇರೆ ಊರಿಗೆ ಬಂದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಭತ್ಯೆ ಅಲ್ಲಿನವರಿಗೆ, ಇಲ್ಲಿನ ಭತ್ಯೆ ಇಲ್ಲಿನವರಿಗೆ.

ಇದೇ ಕಾರಣಕ್ಕೆ, ಪ್ರತಿ ಸರದಿಯಲ್ಲೂ ಹೊಸ ರೂಪ ತಾಳಬಲ್ಲ ವೆಸುವನ್ ಡಾಪಲ್‌ಗ್ಯಾಂಗರ್‌ನ ಮೇಲೆ ಹುಣಸೆಬೀಜ ಇಟ್ಟಿದ್ದರೆ, ಅದು ಎಷ್ಟು ಮುಖ ಬದಲಿಸಿದರೂ ಬೀಜ ಅಲ್ಲಿಯೇ ಇರುತ್ತದೆ. ತಳದ ಅಚ್ಚು ಬದಲಾಯಿತು, ಮೇಲೆ ಗಳಿಸಿದ್ದು ಉಳಿಯಿತು. ಇನ್ನು ಕ್ಲೋನ್ ಸತ್ತರೆ ವೇಷ ಕಳಚುತ್ತದೆ. ಎಸೆದ ಎಲೆಗಳ ರಾಶಿಯಲ್ಲಿ ಅದು ಮತ್ತೆ ಬರೀ ಕ್ಲೋನ್. ಅಲ್ಲಿಂದ ಯಾರಾದರೂ ಎಬ್ಬಿಸಿದರೆ ಹೊಸ ರೂಪ ಆರಿಸಿಕೊಳ್ಳಬಹುದು.

ಸಂಕೋಲೆಯೂ ಬರುವುದಿಲ್ಲ

ಮುಂದಿನ ಪಂದ್ಯದಲ್ಲಿ ಅದೇ ಹುಡುಗ ‘ಶಿವನ್ ಡ್ರ್ಯಾಗನ್’ ಇಳಿಸಿದ. 5/5ರ ಹಾರುವ ಘಟಸರ್ಪ. ಎದುರಿನವರು ಅದರ ಮೇಲೆ ‘ಪ್ಯಾಸಿಫಿಸಮ್’ ಎಂಬ ಎಲೆ ಅಂಟಿಸಿದರು. ಅದು ಅಂಟಿದ ಜೀವಿ ದಾಳಿ ಮಾಡುವಂತಿಲ್ಲ, ತಡೆಯುವಂತಿಲ್ಲ. ಸರ್ಪ ಇದ್ದೂ ಇಲ್ಲದಂತಾಯಿತು. ಎರಡು ಸರದಿ ಬಿಟ್ಟು ಹುಡುಗ ಕ್ಲೋನ್ ಎಳೆದ. ಸ್ವಲ್ಪ ಹೊತ್ತು ಯೋಚಿಸಿ, ತನ್ನದೇ ಸರ್ಪವನ್ನು ತೋರಿಸಿದ.

ಎದುರಿನವರು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ: “ಆ ಎಲಿ ಮ್ಯಾಲೆ ಅಂಟಿದ್ದು, ಅಚ್ಚಿನಾಗ ಇಲ್ಲ.” ಕನ್ನಡದಲ್ಲೇ ಹೇಳಿದ. ಮೇಜಿಗೆಲ್ಲ ಅರ್ಥವಾಯಿತು.

ಈ ನಿಯಮದ ನ್ಯಾಯ ಇರುವುದು ಇಲ್ಲಿಯೇ. ಮೊದಲ ಪಂದ್ಯದಲ್ಲಿ ಅವನಿಗೆ ಸಿಗಬೇಕೆನಿಸಿದ್ದ ನಾಲ್ಕು ಬಲವನ್ನು ಕೊಡದ ನಿಯಮವೇ ಎರಡನೆಯ ಪಂದ್ಯದಲ್ಲಿ ಸಂಕೋಲೆಯಿಂದ ಬಿಡಿಸಿತು. ವೈಭವ ನಕಲಾಗುವುದಿಲ್ಲ, ಹಾಗೆಯೇ ಗಾಯವೂ ನಕಲಾಗುವುದಿಲ್ಲ. ಪೆಟ್ಟು ತಿಂದು ಸಾಯುವ ಅಂಚಿನಲ್ಲಿರುವ ಜೀವಿಯ ನಕಲು ಗಟ್ಟಿಮುಟ್ಟಾಗಿ ಬರುತ್ತದೆ. ಲಾಭಕ್ಕೊಂದು ನಷ್ಟಕ್ಕೊಂದು ಎಂದು ಎರಡು ಅಳತೆ ಇಲ್ಲ.

ಮಹಾಭಾರತದ ನಳೋಪಾಖ್ಯಾನ ಕೇಳಿದವರಿಗೆ ಇದು ಹೊಸದಲ್ಲ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಆ ಕಥೆ ಮನೆಮಾತು. ದಮಯಂತಿಯ ಸ್ವಯಂವರದಲ್ಲಿ ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪ ತಾಳಿ ಬಂದರು. ಒಂದೇ ಮುಖದ ಐವರು. ಕೊನೆಗೆ ಗುರುತು ಸಿಕ್ಕಿದ್ದು ಮುಖದಿಂದ ಅಲ್ಲ. ದೇವತೆಗಳ ಮೈಯಲ್ಲಿ ಬೆವರಿಲ್ಲ, ಧೂಳಿಲ್ಲ, ಮಾಲೆ ಬಾಡಿಲ್ಲ, ನೆರಳು ಬಿದ್ದಿಲ್ಲ. ನಿಜವಾದ ನಳನಿಗೆ ಬೆವರಿತ್ತು, ಅವನ ಮಾಲೆ ಬಾಡಿತ್ತು. ರೂಪ ನಕಲಾಗಿತ್ತು, ದಾರಿಯ ಧೂಳು ನಕಲಾಗಿರಲಿಲ್ಲ. ನಮ್ಮ ಮೇಜಿನ ಮೇಲೂ ಮೂಲ ಯಾವುದು, ನಕಲು ಯಾವುದು ಎಂದು ಗೊತ್ತಾಗುವುದು ಹಲವು ಸಲ ಹುಣಸೆಬೀಜದಿಂದಲೇ.

ನಕಲಿನ ನಕಲು

ಈಗ ಒಂದು ಹೆಜ್ಜೆ ಮುಂದೆ. ನಕಲನ್ನೇ ನಕಲು ಮಾಡಿದರೆ? ಕ್ಲೋನ್ ದೇವತೆಯಾಗಿದ್ದರೆ ಅದರ ನಕಲೂ ದೇವತೆಯೇ; ತಳಪದರದಲ್ಲಿ ಈಗ ಅದೇ ಅಚ್ಚು ಕೂತಿದೆ. ಆದರೆ ಕೆಲವು ಎಲೆಗಳು ಷರತ್ತಿನೊಡನೆ ನಕಲು ಮಾಡುತ್ತವೆ. 2011ರಲ್ಲಿ ಬಂದ ‘ಫ್ಯಾಂಟಾಸ್ಮಲ್ ಇಮೇಜ್’ ಎರಡೇ ಮಾನಾಕ್ಕೆ ಸಿಗುವ ಅಗ್ಗದ ನಕಲುಗಾರ. ಅಗ್ಗವಾಗಿರುವುದಕ್ಕೆ ಬೆಲೆ ಇದೆ: ಯಾವುದಾದರೂ ಮಂತ್ರ ಅಥವಾ ಸಾಮರ್ಥ್ಯ ಅದಕ್ಕೆ ಗುರಿಯಿಟ್ಟರೆ ಸಾಕು, ಅದನ್ನು ಬಲಿ ಕೊಡಬೇಕು. ಗಾಳಿಗೋಪುರ.

ಈ ಷರತ್ತು ಆಮೇಲೆ ಅಂಟಿಸಿದ್ದಲ್ಲ, ನಕಲಾಗುವಾಗಲೇ ಅಚ್ಚಿಗೆ ಸೇರಿದ್ದು. ಹಾಗಾಗಿ ಇಮೇಜ್ ತಾಳಿದ ದೇವತೆಯನ್ನು ನನ್ನ ಕ್ಲೋನ್ ನಕಲಿಸಿದರೆ ಆ ದೌರ್ಬಲ್ಯವೂ ನನ್ನ ಪಾಲಿಗೆ ಬರುತ್ತದೆ. ನಿಜವಾದ ದೇವತೆ ಪಕ್ಕದಲ್ಲೇ ಇರುವಾಗ ಅದರ ನೆರಳನ್ನು ನಕಲಿಸಬಾರದು. ಡೂಪ್ಲಿಕೇಟ್ ಎಂದು ಅಚ್ಚಾಗಿ ಬಂದ ಅಂಕಪಟ್ಟಿಯಿಂದ ಆ ಪದವನ್ನು ಅಳಿಸಲಾಗದು.

ಹೆಸರು ನಕಲಾಗುವುದರಿಂದಲೂ ಒಂದು ಕಾಲದಲ್ಲಿ ಅನಾಹುತವಾಗುತ್ತಿತ್ತು. ‘ಲೆಜೆಂಡರಿ’ ಎಂಬ ಗುರುತಿರುವ ಜೀವಿಗಳು ಪುರಾಣಪುರುಷರಿದ್ದ ಹಾಗೆ, ಒಬ್ಬರೇ ಇರಬೇಕು. 2013ರವರೆಗೆ ಇದ್ದ ನಿಯಮದಂತೆ ಒಂದೇ ಹೆಸರಿನ ಇಬ್ಬರು ಕಣದಲ್ಲಿ ಕಾಣಿಸಿದರೆ, ಒಡೆಯರು ಬೇರೆಬೇರೆಯಾದರೂ, ಇಬ್ಬರೂ ಸಾಯುತ್ತಿದ್ದರು. ಆಗ ಕ್ಲೋನ್ ನಕಲುಗಾರನಷ್ಟೇ ಅಲ್ಲ, ಕೊಲೆಗಾರನೂ ಆಗಿದ್ದ. ಎದುರಾಳಿಯ ಮಹಾವೀರನ ರೂಪ ತಾಳಿ, ಅವನನ್ನೂ ಕರೆದುಕೊಂಡು ಸಾಯುತ್ತಿದ್ದ. 2013ರ ಜುಲೈನ ಬದಲಾವಣೆಯ ನಂತರ ಪ್ರತಿ ಆಟಗಾರನ ಲೆಕ್ಕ ಬೇರೆ. ನನ್ನ ಬಳಿ ಎರಡಿದ್ದರೆ ಒಂದನ್ನು ಉಳಿಸಿಕೊಳ್ಳಬೇಕು. ನನ್ನಲ್ಲೊಂದು, ನಿಮ್ಮಲ್ಲೊಂದು ಇದ್ದರೆ ಅಡ್ಡಿಯಿಲ್ಲ. ಹಳೆಯ ಆಟಗಾರರು ಬಹಳ ದಿನಗಳ ಮೇಲೆ ಮರಳಿ ಬಂದಾಗ ಎಡವುವುದು ಇಲ್ಲಿ.

ಮಂತ್ರದ ನಕಲು ಬೇರೆ ಬಗೆ

ಜೀವಿಯ ನಕಲಿಗೂ ಮಂತ್ರದ ನಕಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ‘ಫೈರ್‌ಬಾಲ್’ ಮಂತ್ರದ ಬೆಲೆಯಲ್ಲಿ ಎಕ್ಸ್ ಎಂಬ ಅಕ್ಷರವಿದೆ. ಎಷ್ಟು ಮಾನಾ ಸುರಿಯುತ್ತೀರೋ ಅಷ್ಟು ಪೆಟ್ಟು. ಯಾರೋ ಎಕ್ಸ್ ಐದು ಎಂದು ಹೇಳಿ ಫೈರ್‌ಬಾಲ್ ಪ್ರಯೋಗಿಸಿದಾಗ ನಾನು ಎರಡು ಮಾನಾ ಕೊಟ್ಟು ಫೋರ್ಕ್ ಹಾಕಿದರೆ ನನ್ನ ನಕಲಿನಲ್ಲೂ ಎಕ್ಸ್ ಐದೇ. ಪ್ರಯೋಗಿಸುವಾಗ ಮಾಡಿದ ಆಯ್ಕೆಗಳು ಆ ಮಂತ್ರದ ಭಾಗವೇ ಆಗಿರುತ್ತವೆ, ಅದಕ್ಕೇ ಅವು ಬರುತ್ತವೆ. ಗುರಿಯನ್ನು ಮಾತ್ರ ನಾನು ಬೇಕಾದರೆ ಬದಲಿಸಬಹುದು.

ಆದರೆ 2015ರ ‘ಹ್ಯಾಂಗರ್‌ಬ್ಯಾಕ್ ವಾಕರ್’ ಎಂಬ ಜೀವಿಯನ್ನು ನೋಡಿ. ಅದರ ಬೆಲೆಯಲ್ಲೂ ಎಕ್ಸ್ ಇದೆ, ಅಂಕಿ 0/0, ಎಕ್ಸ್‌ನಷ್ಟು ಕೌಂಟರ್‌ಗಳೊಂದಿಗೆ ಕಣಕ್ಕೆ ಬರುತ್ತದೆ. ಕಣದಲ್ಲಿರುವ ವಾಕರ್‌ಗೆ ಐದು ಕೌಂಟರ್ ಇದ್ದರೂ, ಅದನ್ನು ನಕಲಿಸುವ ಕ್ಲೋನ್‌ಗೆ ಎಕ್ಸ್ ಸೊನ್ನೆ. ಬಂದ ಕೂಡಲೇ ಸಾಯುತ್ತದೆ. ಕಣಕ್ಕೆ ಇಳಿದ ಮೇಲೆ, ಅದನ್ನು ಇಳಿಸಲು ಯಾರು ಎಷ್ಟು ಕೊಟ್ಟರು ಎಂಬುದು ಹಳೆಯ ರಸೀದಿ.

ಇನ್ನೊಂದು ಮಾತು. ಫೋರ್ಕ್‌ನಂಥ ಎಲೆಯಿಂದ ಹುಟ್ಟಿದ ಮಂತ್ರದ ನಕಲು ನೇರವಾಗಿ ಮೂಡುತ್ತದೆ, ಅದನ್ನು ಯಾರೂ ‘ಪ್ರಯೋಗಿಸಿದ’ ಹಾಗಾಗುವುದಿಲ್ಲ. ‘ಯಂಗ್ ಪೈರೋಮ್ಯಾನ್ಸರ್’ ಎಂಬ ಜೀವಿ ನನ್ನ ಬಳಿ ಇದ್ದರೆ ಅಂಥ ಮಂತ್ರ ಪ್ರಯೋಗಿಸಿದಾಗೆಲ್ಲ ಒಂದು ಪುಟ್ಟ ಬೆಂಕಿಜೀವಿ ಸಿಗುತ್ತದೆ. ಫೋರ್ಕ್ ಪ್ರಯೋಗಿಸಿದ್ದಕ್ಕೆ ಒಂದು ಸಿಗುತ್ತದೆ; ಅದರಿಂದ ಹುಟ್ಟಿದ ನಕಲಿಗೆ ಸಿಗುವುದಿಲ್ಲ.

ಎಣಿಕೆಯಿಲ್ಲದ ನಕಲು

ಇಷ್ಟು ತಿಳಿದರೆ ಈ ಆಟದ ಹೆಸರುವಾಸಿ ಜೋಡಿಯೊಂದರ ಗುಟ್ಟೂ ತಿಳಿಯುತ್ತದೆ. 2011ರ ‘ಡಿಸೀವರ್ ಎಕ್ಸಾರ್ಕ್’ 1/4ರ ಜೀವಿ. ಕಣಕ್ಕೆ ಬಂದಾಗ ನನ್ನ ಯಾವುದಾದರೂ ಒಂದು ಎಲೆಯನ್ನು ನೆಟ್ಟಗೆ ಮಾಡಬಲ್ಲದು. 2010ರ ‘ಸ್ಪ್ಲಿಂಟರ್ ಟ್ವಿನ್’ ಜೀವಿಯ ಮೇಲೆ ಅಂಟಿಸುವ ಎಲೆ. ಅಂಟಿದ ಜೀವಿ ಅಡ್ಡ ತಿರುಗಿ ತನ್ನದೇ ಒಂದು ನಕಲನ್ನು ಹುಟ್ಟಿಸಬಲ್ಲದು, ಆ ನಕಲು ಕೂಡಲೇ ದಾಳಿಗೆ ಸಿದ್ಧ. ಎಕ್ಸಾರ್ಕ್ ಮೇಲೆ ಟ್ವಿನ್ ಅಂಟಿಸಿ. ಅದು ಅಡ್ಡ ತಿರುಗಿತು, ನಕಲು ಹುಟ್ಟಿತು. ‘ಬಂದಾಗ ನೆಟ್ಟಗೆ ಮಾಡು’ ಎಂಬುದು ಅಚ್ಚಿನಲ್ಲೇ ಇರುವುದರಿಂದ ನಕಲು ಬಂದು ಮೂಲವನ್ನು ನೆಟ್ಟಗೆ ಮಾಡಿತು. ಮೂಲ ಮತ್ತೆ ಅಡ್ಡ ತಿರುಗಿತು. ರಕ್ತಬೀಜಾಸುರನ ಸೈನ್ಯದಂತೆ ಸಾವಿರ ಬೇಕೆಂದರೆ ಸಾವಿರ. ಆ ಸರದಿಯಲ್ಲೇ ಪಂದ್ಯ ಮುಗಿಯುತ್ತದೆ.

ಆದರೆ ಗಮನಿಸಿ: ಟ್ವಿನ್ ಮೇಲೆ ಅಂಟಿದ್ದು. ಅದು ನಕಲುಗಳಿಗೆ ಬರುವುದಿಲ್ಲ. ಸಾವಿರ ಎಕ್ಸಾರ್ಕ್‌ಗಳಲ್ಲಿ ಹುಟ್ಟಿಸುವ ಶಕ್ತಿ ಇರುವುದು ಒಂದಕ್ಕೇ. ಹಾಗಾಗಿ ಎದುರಾಳಿ ಕಾದು, ಟ್ವಿನ್ ಇನ್ನೂ ಅಂಟುವ ಮೊದಲೇ ಆ ಒಂದು ಎಕ್ಸಾರ್ಕ್ ಅನ್ನು ಕೊಂದರೆ ಎರಡೂ ಎಲೆ ನಷ್ಟ. ಆಟದಲ್ಲಿ ಎಲ್ಲರ ಬಳಿಯೂ ಇರುವ ‘ಲೈಟ್ನಿಂಗ್ ಬೋಲ್ಟ್’ನ ಪೆಟ್ಟು ಮೂರು, ಎಕ್ಸಾರ್ಕ್ ತಾಳುವುದು ನಾಲ್ಕು. ಆ ಒಂದು ಅಂಕಿಯ ಮೇಲೆ ಎಷ್ಟೋ ಪಂದ್ಯಗಳು ನಿಂತವು. ‘ಮಾಡರ್ನ್’ ಎಂಬ ಸ್ಪರ್ಧಾ ಮಾದರಿಯಲ್ಲಿ 2016ರ ಜನವರಿಯಲ್ಲಿ ಸ್ಪ್ಲಿಂಟರ್ ಟ್ವಿನ್‌ಗೆ ನಿಷೇಧ ಬಿತ್ತು. 2024ರ ಡಿಸೆಂಬರ್‌ನಲ್ಲಿ ಆ ನಿಷೇಧ ತೆರವಾಯಿತು.

ಮೇಜಿನ ಮೇಲೆ ಕೇಳಬೇಕಾದ್ದು

‘ಮ್ಯಾಜಿಕ್ ಅರೀನಾ’ ಎಂಬ ಕಂಪ್ಯೂಟರ್ ಆವೃತ್ತಿಯಲ್ಲಿ ಈ ಲೆಕ್ಕವನ್ನೆಲ್ಲ ಯಂತ್ರವೇ ಮಾಡುತ್ತದೆ. ಅಲ್ಲಿ ಜಗಳವಿಲ್ಲ, ಜೊತೆಗೂ ಯಾರಿಲ್ಲ. ನಾಲ್ಕು ಭಾಷೆಯವರು ಕೂತು ಆಡುವ ಮೇಜಿನಲ್ಲಿ ಲೆಕ್ಕ ನಾವೇ ಮಾಡಬೇಕು. ಅಲ್ಲಿ ಒಂದು ಅಪಾಯ ಸದಾ ಇರುತ್ತದೆ: ಮಾತು ಚೆನ್ನಾಗಿ ಬಲ್ಲವನ ಮಾತೇ ನಿಯಮವಾಗಿಬಿಡುವುದು. ಹೊಸಬ, ಅದರಲ್ಲೂ ಆ ಊರಿನ ಮಾತು ಬಾರದವನು, ಎರಡು ಸಲ ಸುಮ್ಮನಾಗಿ ಮೂರನೆಯ ಶನಿವಾರ ಬರುವುದನ್ನು ನಿಲ್ಲಿಸುತ್ತಾನೆ. ಹೊರಊರಿನಲ್ಲಿ ವಾರಕ್ಕೊಮ್ಮೆ ಸಿಗುವ ನಾಲ್ಕು ಗಂಟೆಯ ಬಳಗವನ್ನು ಹಾಗೆ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಅದಕ್ಕೇ ಹೊಸಬರಿಗೆ ನಾನು ಹೇಳುವುದು ಮೂರೇ ಪ್ರಶ್ನೆ. ಇದು ಅಚ್ಚಿನಲ್ಲಿದೆಯೋ, ಮೇಲೆ ಅಂಟಿದ್ದೋ? ನಾನು ನಕಲಿಸುತ್ತಿರುವುದು ಮೂಲವನ್ನೋ, ಷರತ್ತು ಸೇರಿದ ಇನ್ನೊಂದು ನಕಲನ್ನೋ? ಇದು ಕಣದಲ್ಲಿರುವ ಜೀವಿಯೋ, ಇನ್ನೂ ಪ್ರಯೋಗದಲ್ಲಿರುವ ಮಂತ್ರವೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಹೆಚ್ಚಿನ ತಕರಾರುಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ನಿಯಮಾವಳಿ ಕಂಪನಿಯ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತದೆ, 707ನೆಯ ವಿಭಾಗ ತೆಗೆದು ಎಲ್ಲರ ಎದುರು ಓದಬಹುದು.

ಗದಗಿನ ಹುಡುಗ ಈಗ ಕ್ಲೋನ್ ಇರುವ ಕಟ್ಟನ್ನೇ ತರುತ್ತಾನೆ. ಹೊಸಬರು ಬಂದರೆ ಅವರ ಪಕ್ಕ ಕೂರುವವನೂ ಅವನೇ. ಬರುವಾಗ ಊರಿನಿಂದ ಒಂದು ಡಬ್ಬಿ ಹುಣಸೆಬೀಜವನ್ನೂ ತಂದಿಟ್ಟಿದ್ದಾನೆ.